ಆಯಿತು ಎನ್ನುವವಳು

ಆ ಊರಿನಲ್ಲಿ ಯಾವುದೂ ತಾನಾಗಿ ಮುಗಿಯುತ್ತಿರಲಿಲ್ಲ.

ಮಗ್ಗದ ಮೇಲಿನ ಸೀರೆ ಸೆರಗಿನವರೆಗೆ ಬಂದರೂ ಮುಗಿಯುತ್ತಿರಲಿಲ್ಲ. ಕತ್ತರಿಸಿ ತೆಗೆದರೆ ಎಳೆಎಳೆಯಾಗಿ ಬಿಚ್ಚಿಕೊಂಡು ನೆಲದ ಮೇಲೆ ಹರಡಿಬಿಡುತ್ತಿತ್ತು. ಆವಿಗೆಯಲ್ಲಿ ಬೆಂದ ಮಡಕೆ ಹೊರಗೆ ತೆಗೆದ ಮೇಲೂ ಹಸಿಯಾಗಿಯೇ ಇರುತ್ತಿತ್ತು. ಬೆರಳು ಒತ್ತಿದರೆ ಗುರುತು ಮೂಡುತ್ತಿತ್ತು. ಎಷ್ಟು ಮದ್ದು ಅರೆದು ಹಚ್ಚಿದರೂ ಗಾಯ ಬಾಯಿ ಮುಚ್ಚುತ್ತಿರಲಿಲ್ಲ. ಸತ್ತವರು ಪೂರ್ತಿ ಸಾಯುತ್ತಿರಲಿಲ್ಲ. ಉಸಿರು ನಿಂತ ಮೇಲೂ ಕಣ್ಣು ತೆರೆದುಕೊಂಡು ಚಾಪೆಯ ಮೇಲೆ ಮಲಗಿರುತ್ತಿದ್ದರು. ಮಾತಾಡಿಸಿದರೆ ಉತ್ತರ ಕೊಡುತ್ತಿದ್ದರು.

ಇದಕ್ಕೆಲ್ಲ ಒಬ್ಬಳು ಬರಬೇಕಿತ್ತು. ಅವಳು ಬಂದು ಬಲಗೈಯ ಅಂಗೈ ಊರಿ, ಆಯಿತು ಎನ್ನಬೇಕಿತ್ತು. ಅಂದೊಡನೆ ಸೀರೆ ಸೀರೆಯಾಗುತ್ತಿತ್ತು, ಮಡಕೆ ಮಡಕೆಯಾಗುತ್ತಿತ್ತು, ಸತ್ತವರು ಕಣ್ಣು ಮುಚ್ಚುತ್ತಿದ್ದರು.

ಊರು ಅವಳನ್ನು ಹೇಳುವವಳು ಎಂದು ಕರೆಯುತ್ತಿತ್ತು. ಎದುರಿಗೆ ಸಿಕ್ಕಾಗ ತಾಯಿ ಎನ್ನುತ್ತಿತ್ತು. ಅವಳು ಹೊಳೆಯಲ್ಲಿ ಮುಳುಗೆದ್ದು, ಬಣ್ಣ ಕಾಣದ ಸೀರೆಯುಟ್ಟು, ಬರಿಗಾಲಲ್ಲಿ ಬರುತ್ತಿದ್ದಳು. ಒಮ್ಮೆ ಮಾತ್ರ ಹೇಳುತ್ತಿದ್ದಳು. ಹೇಳಿದ ಮೇಲೆ ಹಿಂದಿರುಗಿ ನೋಡುತ್ತಿರಲಿಲ್ಲ. ಹಗಲು ಇಳಿಯುವ ಹೊತ್ತಿಗೆ ಊರ ನಡುವಿನ ಕಟ್ಟೆಯ ಬಳಿ ಕೂತು ಅಂಗೈಯನ್ನು ನೆಲಕ್ಕೆ ಊರಿ ಅದೇ ಮಾತನ್ನು ಹೇಳುತ್ತಿದ್ದಳು. ಆಗಲೇ ಸೂರ್ಯ ಮುಳುಗುತ್ತಿದ್ದದ್ದು.

ಬೇರೆ ಯಾರೂ ಆ ಮಾತನ್ನು ಬಾಯಿಗೆ ತರುತ್ತಿರಲಿಲ್ಲ. ಒಪ್ಪಿಗೆಗೆ ಹೂಂ ಎನ್ನುತ್ತಿದ್ದರು. ಊಟದ ವಿಚಾರ ಕೇಳಿದರೆ ಹೊಟ್ಟೆ ತುಂಬಿದೆ ಎನ್ನುತ್ತಿದ್ದರು. ಮದುವೆ ಕೂಡಿತು ಎನ್ನುತ್ತಿದ್ದರು, ಮಗು ಬಂತು ಎನ್ನುತ್ತಿದ್ದರು. ಮಾತು ಕಲಿಯುವ ಮಕ್ಕಳ ಬಾಯಲ್ಲಿ ಅಪ್ಪಿತಪ್ಪಿ ಅದು ಬಂದರೆ ತಾಯಂದಿರು ಅವರ ಬಾಯಿ ಮುಚ್ಚಿ ಮನೆಯೊಳಗೆ ಎಳೆದುಕೊಳ್ಳುತ್ತಿದ್ದರು.

ಆ ಮಾತು ಅವಳಿಗೆ ಬಂದದ್ದು ಸೋದರತ್ತೆಯಿಂದ. ಅತ್ತೆ ಅವಳ ಕಿವಿಯಲ್ಲಿ ಅದನ್ನು ಉಸಿರಿ, ಜೊತೆಗೆ ಒಂದು ಎಚ್ಚರಿಕೆ ಹೇಳಿದ್ದಳು. "ಮಾತು ಸರದಿಯಲ್ಲಿ ಬರುತ್ತೆ ಮಗಳೇ. ಮುಗಿಯಬೇಕಾದ ಒಂದನ್ನು ಹಿಂದಿಟ್ಟುಕೊಂಡು ಇನ್ನೊಂದಕ್ಕೆ ಹೇಳೋಕೆ ಹೋಗಬೇಡ. ಹೋದರೆ ನಿನ್ನ ಬಾಯಲ್ಲಿ ಬರೀ ಗಾಳಿ ಬರುತ್ತೆ."

ಹಿಂದಿಟ್ಟುಕೊಳ್ಳುವಂಥದ್ದು ಏನಿದೆ ಎಂದು ಅವಳು ಅಂದುಕೊಂಡಿದ್ದಳು. ಅವಳಿಗಿದ್ದದ್ದು ಒಬ್ಬಳೇ ತಂಗಿ.

ತಂಗಿ ಹುಟ್ಟಿದ ದಿನವೇ ಅವರ ತಾಯಿ ತೀರಿಕೊಂಡಿದ್ದಳು. ತಾಯಿಯ ಹಣೆಯ ಮೇಲೆ ಅತ್ತೆ ಅಂಗೈ ಊರುವಾಗ ಹೇಳುವವಳು ಇನ್ನೂ ಚಿಕ್ಕವಳು, ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಸು ಅಳಲಿಲ್ಲ, ಇವಳೂ ಅಳಲಿಲ್ಲ. ಅಂದಿನಿಂದ ಕೂಸು ಇವಳ ಸೊಂಟದ ಮೇಲೇ ಬೆಳೆದದ್ದು. ಬೆಳೆದು ದೊಡ್ಡವಳಾಗಿ ನೂಲಿಗೆ ನೀಲಿ ಅದ್ದುವ ಕೆಲಸ ಹಿಡಿದಳು. ಬೆಳಗಿನಿಂದ ಹಗಲು ಇಳಿಯುವವರೆಗೆ ನೀಲಿಯ ಬಾನಿಯಲ್ಲಿ ಕೈಯಾಡಿಸಿ ಅವಳ ಎರಡೂ ಕೈ ಮಣಿಕಟ್ಟಿನವರೆಗೆ ನೀಲಿಯಾಗಿದ್ದವು. ತೊಳೆದರೆ ಹೋಗುತ್ತಿರಲಿಲ್ಲ. ಅವಳು ಮಾತುಗಾತಿ. ಯಾವ ಮನೆಯಲ್ಲಿ ಏನು ಸಾರು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಎಲ್ಲ ತಂದು ಅಕ್ಕನಿಗೆ ಸುರಿಯುತ್ತಿದ್ದಳು. ದಿನವಿಡೀ ಒಂದೇ ಮಾತಾಡಿ ಬಂದ ಅಕ್ಕ ಗೋಡೆಗೊರಗಿ ಕೇಳುತ್ತಿದ್ದಳು.

ಆ ವರ್ಷ ಹೊಳೆಯ ನೀರು ಕೆಟ್ಟು ತಂಗಿಗೆ ಜ್ವರ ಬಂತು. ಅಕ್ಕ ಕಷಾಯ ಕುದಿಸಿ ಕುಡಿಸಿದಳು. ತಲೆಗೆ ತಣ್ಣೀರ ಬಟ್ಟೆ ಹಾಕಿದಳು. ಹಗಲು ಓರೆಯಾಗಿ ಬಿಸಿಲು ಹೊಸಿಲು ದಾಟಿ ಒಳಗೆ ಬಿದ್ದಿದ್ದ ಹೊತ್ತಿನಲ್ಲಿ ತಂಗಿ ಕಣ್ಣು ತೆರೆದಳು.

"ಅಕ್ಕಾ, ನಿಂತುಹೋಯಿತು."

"ಏನು ನಿಂತುಹೋಯಿತು ಕಣೇ?"

"ಉಸಿರು. ಒಳಗೆ ಬರ್ತಿಲ್ಲ. ಬರಬೇಕು ಅಂತಲೂ ಅನ್ನಿಸ್ತಿಲ್ಲ."

ಅಕ್ಕ ಅವಳ ಮೂಗಿನ ಕೆಳಗೆ ಬೆರಳಿಟ್ಟಳು. ಎದೆಯ ಮೇಲೆ ಕಿವಿಯಿಟ್ಟಳು. ಎಷ್ಟೋ ಮನೆಗಳಲ್ಲಿ ಆ ನಿಶ್ಶಬ್ದವನ್ನು ಕೇಳಿದ್ದವಳು ಅವಳು. ಅವಳ ಬಲಗೈ ತಾನಾಗಿ ಮೇಲಕ್ಕೆದ್ದಿತು. ಆ ಕೈಯನ್ನು ಎಡಗೈಯಿಂದ ಹಿಡಿದು ಮಡಿಲಿಗೆ ಇಳಿಸಿಕೊಂಡಳು.

"ಜ್ವರಕ್ಕೆ ಹಾಗನ್ನಿಸುತ್ತೆ. ಸುಮ್ಮನೆ ಮಲಗು" ಎಂದು ಹೊದಿಕೆ ಹೊದಿಸಿ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು.

ಕಟ್ಟೆಯ ಬಳಿ ಹೋಗಿ ಎಂದಿನಂತೆ ಕೂತಳು. ಅಂಗೈ ನೆಲಕ್ಕೆ ಊರಿದಳು. ಆಯಿತು ಎಂದಳು. ಬಾಯಿಂದ ಒಣಗಿದ ಸಿಪ್ಪೆಯಂಥ ಸದ್ದೊಂದು ಹೊರಟು ಅಲ್ಲೇ ಬಿದ್ದುಹೋಯಿತು. ಸೂರ್ಯ ಇದ್ದಲ್ಲೇ ಇದ್ದ. ಮನೆಗಳ ನೆರಳು ಬೀದಿಗೆ ಅಡ್ಡವಾಗಿ ಚಾಚಿಕೊಂಡಿದ್ದವು, ಹಾಗೇ ಇದ್ದವು. ಗೂಡಿಗೆ ಹೊರಟ ಹಕ್ಕಿಗಳು ಊರಿನ ಮೇಲೆ ಸುತ್ತತೊಡಗಿದವು, ಸುತ್ತುತ್ತಲೇ ಇದ್ದವು.

ಅಂದಿನಿಂದ ಆ ಊರಿನಲ್ಲಿ ನಾಳೆ ಬರಲಿಲ್ಲ. ಜನ ಓರೆ ಬಿಸಿಲಿನಲ್ಲೇ ಮಲಗಿದರು, ಓರೆ ಬಿಸಿಲಿನಲ್ಲೇ ಎದ್ದರು. ಒಲೆಯ ಮೇಲಿನ ಅಕ್ಕಿ ಕುದಿಯುತ್ತಿತ್ತು, ಬೇಯುತ್ತಿರಲಿಲ್ಲ. ನೆನೆಸಿದ ಕಾಳು ಜಗಿದು ನೀರು ಕುಡಿದು ಕಾದರು. ಮಗ್ಗದವರು ಒಂದೇ ಸೀರೆಯನ್ನು ನೇಯುತ್ತಾ ಹೋದರು. ಸೀರೆ ಮನೆಯಿಂದ ಹೊರಬಿದ್ದು ಬೀದಿಯಲ್ಲಿ ಮಡಿಕೆಮಡಿಕೆಯಾಗಿ ಬಿದ್ದಿತು. ಯಾರೂ ಅದನ್ನು ತುಳಿಯಲಿಲ್ಲ, ಯಾರೂ ಅದನ್ನು ಎತ್ತಲಿಲ್ಲ.

ಊರ ಹಿರಿಯ ಅವಳ ಮನೆಯ ಜಗಲಿಗೆ ಬಂದು ಕೂತ.

"ತಾಯಿ, ಒಳಗೆ ಏನೋ ಹಿಂದಿಟ್ಟುಕೊಂಡಿದ್ದೀರಿ."

"ಏನೂ ಇಲ್ಲಪ್ಪ. ತಂಗಿಗೆ ಮೈ ಸರಿಯಿಲ್ಲ. ಅಷ್ಟೇ."

"ಹೊತ್ತು ನಿಂತಿದೆ."

"ನಿಂತರೆ ನಿಲ್ಲಲಿ. ಬೆಳಕಿದೆಯಲ್ಲ."

ಹಿರಿಯ ಮೆಲ್ಲಗೆ ಅಂದ: "ಮುಳುಗಿದ ನನ್ನ ಮಗನನ್ನು ಹೊಳೆಯಿಂದ ಎತ್ತಿ ತಂದ ದಿನ ನಿಮ್ಮನ್ನು ಕರೆಯೋಕೆ ನಾನೇ ಬಂದಿದ್ದೆ. ಅವನು ಚಾಪೆ ಮೇಲೆ ಕೂತು, ಅಪ್ಪಾ ಚಳಿ ಅಂತಿದ್ದ. ಇನ್ನೊಂದು ಗಳಿಗೆ ಇರಲಿ ತಾಯಿ ಅಂದೆ. ನೀವು ಇರಗೊಡಲಿಲ್ಲ. ಇಟ್ಟುಕೊಂಡರೆ ಉಳಿಯೋದು ನಿಮ್ಮ ಮಗ ಅಲ್ಲ ಅಂದಿರಿ."

ಹಿರಿಯ ಎದ್ದು, ಬೀದಿಯಲ್ಲಿ ಕದಲದೆ ಬಿದ್ದಿದ್ದ ನೆರಳನ್ನು ಒಮ್ಮೆ ನೋಡಿ, ಹೊರಟುಹೋದ.

ಅವನ ಮಾತು ಸುಳ್ಳೆಂದುಕೊಳ್ಳಲು ಅವಳು ಒಳಗೆ ಹೋದಳು. ತಂಗಿ ಎದ್ದು ಕೂತಿದ್ದಳು. ಕೇಳಿದ್ದಕ್ಕೆ ನಗುತ್ತಿದ್ದಳು. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ತಂಗಿ ಹಳೆಯ ಮಾತುಗಳನ್ನಾಡಿದಳು, ಅಕ್ಕ ಗೋಡೆಗೊರಗಿ ಕೇಳಿದಳು. ಬಾಯಿಗೆ ಹನಿಸಿದ ನೀರು ಮಾತ್ರ ಕಟವಾಯಿಂದ ಹಾಗೇ ಹೊರಗೆ ಇಳಿಯುತ್ತಿತ್ತು. ಅಕ್ಕ ಒರೆಸುತ್ತಿದ್ದಳು. ನೊಣಗಳು ಒಳಗೆ ಬಂದರೂ ತಂಗಿಯ ಹತ್ತಿರ ಸುಳಿಯುತ್ತಿರಲಿಲ್ಲ. ಅಕ್ಕ ಅದನ್ನು ನೋಡದಂತೆ ಇದ್ದಳು.

ಆಮೇಲೆ ಮಾತು ಸವೆಯತೊಡಗಿತು. ಮೊದಲು ಊರಿನವರ ಹೆಸರುಗಳು ಹೋದವು. ಆಮೇಲೆ ಸಾರು, ಮುನಿಸು, ಜಗಳ, ಎಲ್ಲ ಹೋದವು. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ.

"ಅಕ್ಕಾ, ಇನ್ನೂ ಹೊತ್ತಿದೆಯಾ?"

"ಇದೆ ಕಣೇ."

ಅಕ್ಕ ಒಂದು ಉಸಿರು ತೆಗೆಯುವಷ್ಟರಲ್ಲಿ ಮತ್ತೆ, "ಅಕ್ಕಾ, ಇನ್ನೂ ಹೊತ್ತಿದೆಯಾ?"

ಇದರ ಜೊತೆಗೆ ನೀಲಿಯೂ ಏರತೊಡಗಿತ್ತು. ಮಣಿಕಟ್ಟಿನಲ್ಲಿದ್ದದ್ದು ಮೊಣಕೈಗೆ ಬಂತು. ಮೊಣಕೈಯಿಂದ ಭುಜಕ್ಕೆ ಹತ್ತಿತು. ಅಕ್ಕ ಸೀಗೆ ಹಚ್ಚಿ ಉಜ್ಜಿದಳು. ಉಜ್ಜಿದಷ್ಟೂ ಮೇಲೇರಿತು. ತಂಗಿಯ ಕೊರಳು ನೀಲಿಯಾದ ದಿನ ಅಕ್ಕ ಅವಳ ಮುಖವನ್ನು ಬಿಟ್ಟು ಬೇರೆಲ್ಲೂ ನೋಡದಿರಲು ಕಲಿತಳು. ದಿನ ಎನ್ನುವುದು ಸುಮ್ಮನೆ. ಅಲ್ಲಿ ಇದ್ದದ್ದು ಒಂದೇ ಹಗಲು, ಒಂದೇ ಓರೆ ಬಿಸಿಲು.

ಆ ಬಿಸಿಲಿನಲ್ಲಿ ಸೂಲಗಿತ್ತಿ ಬಂದು ಬಾಗಿಲು ತಟ್ಟಿದಳು. ಅವಳ ಕೈ ಎಣ್ಣೆಯಾಗಿತ್ತು, ಕೂದಲು ಬಿಚ್ಚಿಹೋಗಿತ್ತು.

"ಕುಂಬಾರರ ಸೊಸೆಗೆ ನೋವು ಬಂದಿದೆ ತಾಯಿ."

"ಒಳ್ಳೇದು."

"ಒಳ್ಳೇದಲ್ಲ. ಬಂದ ನೋವು ಬರ್ತಾನೇ ಇದೆ. ಕೂಸಿನ ನೆತ್ತಿ ಕಾಣುತ್ತೆ. ಆಚೆಗೂ ಇಲ್ಲ, ಈಚೆಗೂ ಇಲ್ಲ. ಹುಡುಗಿಗೆ ಕೂಗೋಕೂ ಶಕ್ತಿ ಇಲ್ಲ. ನನ್ನನ್ನೇ ನೋಡ್ತಾ ಇದ್ದಾಳೆ." ಸೂಲಗಿತ್ತಿ ಬಾಗಿಲ ಸಂದಿನಿಂದ ಒಳಗಿನ ನೀಲಿಯನ್ನು ಕಂಡಳು. ಕಂಡೂ ದನಿ ಏರಿಸಲಿಲ್ಲ. "ನಿಮ್ಮ ತಂಗಿ ಹುಟ್ಟುವಾಗಲೂ ನಾನೇ ಕೂತಿದ್ದು. ಇವಳ ನೆತ್ತಿಯನ್ನೂ ಮೊದಲು ಮುಟ್ಟಿದವಳು ನಾನು. ನಾನಾಗಿ ಬೇರೇನೂ ಕೇಳೋಲ್ಲ. ಬನ್ನಿ ಅಂತಲೂ ಅನ್ನೋಲ್ಲ. ನೀವು ಬಂದರೂ ನಿಮ್ಮ ಮಾತು ಈಗ ಅಲ್ಲಿ ನಡೆಯೋಲ್ಲ, ಗೊತ್ತು." ಇಷ್ಟು ಹೇಳಿ ಬಂದಷ್ಟೇ ಬೇಗ ಹಿಂದಿರುಗಿದಳು.

ಹೇಳುವವಳು ತುಂಬ ಹೊತ್ತು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕುಂಬಾರರ ಮನೆ ಬೀದಿಯ ಆಚೆ ತುದಿಗೆ. ಅಲ್ಲಿಂದ ಕೂಗು ಬರಲಿಲ್ಲ. ಕೂಗು ಬರದಿದ್ದದ್ದೇ ಅವಳಿಗೆ ಕೇಳಿಸಿತು. ಆಮೇಲೆ ಅವಳು ತಂಗಿಯ ಮುಂದೆ ಕೂತು, ನೀಲಿ ಇನ್ನೂ ಮುಟ್ಟದ ಹಣೆಯ ಮೇಲೆ ಅಂಗೈ ಊರಿದಳು. ಕಣ್ಣು ಮುಚ್ಚಿಕೊಂಡು ಆಯಿತು ಎಂದಳು.

ಏನೂ ನಡೆಯಲಿಲ್ಲ.

ತಂಗಿ ಅವಳನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನಿಂದ ಒಂದೇ ಪ್ರಶ್ನೆ ಕೇಳುತ್ತಿದ್ದ ಆ ಬಾಯಿಂದ ಬೇರೆ ಮಾತು ಬಂತು. "ಅಕ್ಕಾ, ಅದನ್ನು ನೀನು ನನಗೆ ಹೇಳಲಿಲ್ಲ. ಕುಂಬಾರರ ಮನೆಗೆ ಹೇಳಿದೆ."

ಮತ್ತೆ ಹೇಳಿದಳು. ಮತ್ತೆ ಹೇಳಿದಳು. ಒಮ್ಮೆ ಮಾತ್ರ ಹೇಳಬೇಕಾದ ಮಾತು ಅವಳ ಬಾಯಲ್ಲಿ ಅಗಿದ ಹೊಟ್ಟಿನ ಹಾಗೆ ಆಡಿತು. ಕೊನೆಗೆ ಅಕ್ಕ ಎದ್ದು ಹೊಳೆಯ ಕಡೆ ಓಡಿದಳು. ಮುಳುಗೆದ್ದು ಬಂದರೆ ಬಾಯಿ ಶುದ್ಧವಾದೀತು ಎಂದುಕೊಂಡಳು.

ಹೊಳೆಯ ದಂಡೆಯಲ್ಲಿ ಒಬ್ಬಳು ಹೊರಗಿನ ಹೆಂಗಸು ಬಾತುಕೋಳಿಗಳನ್ನು ಮೇಯಿಸುತ್ತಿದ್ದಳು. ನೀರಿದ್ದ ಕಡೆಗೆಲ್ಲ ಬಾತುಗಳನ್ನು ಹೊಡೆದುಕೊಂಡು ಊರೂರು ಹೋಗುವ ಕುಲದವಳು. ಕೈಯಲ್ಲಿ ಉದ್ದನೆಯ ಬಿದಿರ ಕೋಲು, ತಲೆಗೆ ಸುತ್ತಿದ ಬಟ್ಟೆ. ಬಾತುಗಳು ನೀರು ಬಿಟ್ಟು ಏರದೆ ಗಲಾಟೆಯೆಬ್ಬಿಸಿದ್ದವು.

"ಯಾಕವ್ವ, ಹಿಂಗೆ ಓಡಿ ಬಂದೆ? ಏನಾಯ್ತು?" ಎಂದಳು ಆ ಹೆಂಗಸು.

ಹೇಳುವವಳು ಕಲ್ಲಾಗಿ ನಿಂತಳು.

"ನಿಮ್ಮೂರಾಗೆ ಹೊತ್ತೇ ಮುಳುಗಾಕಿಲ್ಲವಲ್ಲ" ಎಂದು ಬಾತಿನವಳು ತನ್ನಷ್ಟಕ್ಕೆ ಮಾತು ಮುಂದುವರಿಸಿದಳು. "ಬಂದು ಎಷ್ಟು ಹೊತ್ತಾಯ್ತೋ ಏನೋ. ಇವು ಕತ್ತಲಾಗದೆ ಗೂಡು ಸೇರಾಕಿಲ್ಲ. ಊಟ ಆಯ್ತೇನವ್ವ ನಿಂದು? ಮುಖ ನೋಡಿದರೆ ಆದಂಗಿಲ್ಲ."

"ನೀನು ಆ ಮಾತನ್ನು ಎಷ್ಟು ಸಲ ಅಂದೆ ಗೊತ್ತಾ?" ಎಂದಳು ಹೇಳುವವಳು. "ಅಂದ ಮೇಲೂ ನೀನು ಇದ್ದೀಯ. ನಿನ್ನ ಬಾತುಗಳೂ ಇವೆ."

"ಯಾವ ಮಾತು? ಆಯ್ತು ಅನ್ನೋದಾ? ಅದಿಲ್ಲದೆ ಹೊತ್ತು ಹೋದಾತಾ ತಾಯಿ? ಮೊಟ್ಟೆ ಮರಿ ಆಯ್ತು ಅಂತೀವಿ. ಮಳೆ ಆಯ್ತು ಅಂತೀವಿ."

"ಮುಗಿದದ್ದಕ್ಕೆ ಹೇಳೋ ಮಾತು ಅದು."

"ಮುಗಿದದ್ದಕ್ಕೂ ಅಂತೀವಿ. ಇಲ್ಲ ಅಂದೋರು ಯಾರು?" ಬಾತಿನವಳು ಕೋಲನ್ನು ಮರಳಿನಲ್ಲಿ ನೆಟ್ಟು ಸೊಂಟಕ್ಕೆ ಕೈಯಿಟ್ಟಳು. "ನೋಡು, ನನ್ನ ಗಂಡ ಬಾತು ಮಾರಾಕೆ ಸಂತೆಗೆ ಹೊಂಟು, ಬರ್ತೀನಿ ಕಣೇ ಅಂತಾನೆ. ನಾನೇನನ್ನಲಿ? ಆಯ್ತು ಅಂತೀನಿ. ಅಂದರೆ ಅವನು ಮುಗಿದುಹೋದ ಅಂತನಾ? ಅವನು ಕೇಳಿದ, ನಾನು ಬಿಟ್ಟುಕೊಟ್ಟೆ. ಅಷ್ಟೇಯ. ಬೇಡ ಅಂದರೂ ಹೋಗೋನೇ. ಆದರೆ ಕಾಲು ಎಳೀತಾ ಹೋಯ್ತಾನೆ."

"ಅವನು ಕೇಳಿದ್ದಕ್ಕೆ ಹೇಳ್ತೀಯ."

"ಕೇಳದಲೆ ಯಾರಾನ ಹೇಳ್ತಾರಾ?"

ಹೇಳುವವಳು ನೀರಿಗೆ ಇಳಿಯಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿದಳು. ತಾನು ಅಂಗೈ ಊರಿದ ಹಣೆಗಳೆಲ್ಲ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಬಂದವು. ಅವರಲ್ಲಿ ಯಾರನ್ನೂ ಅವಳು ಏನನ್ನೂ ಕೇಳಿರಲಿಲ್ಲ. ಚಳಿ ಎಂದವನನ್ನೂ ಕೇಳಿರಲಿಲ್ಲ. ತಾಯಿಯನ್ನು ಅತ್ತೆಯೂ ಕೇಳಿರಲಿಲ್ಲ.

ಮನೆಗೆ ಬಂದು ಬಾಗಿಲನ್ನು ಪೂರ್ತಿ ತೆರೆದಳು. ಓರೆ ಬಿಸಿಲು ತಂಗಿಯ ಮೇಲೆ ಬಿತ್ತು. ನೀಲಿ ಗಲ್ಲದವರೆಗೆ ಏರಿತ್ತು.

"ಅಕ್ಕಾ, ಇನ್ನೂ ಹೊತ್ತಿದೆಯಾ?"

ಯಾವಾಗಲೂ ಕೊಡುತ್ತಿದ್ದ ಉತ್ತರವನ್ನು ಅವಳು ಕೊಡಲಿಲ್ಲ. ಎದುರಿಗೆ ಕೂತು ಕೇಳಿದಳು. "ಹೊತ್ತು ಯಾಕೆ ಬೇಕು ನಿನಗೆ? ಏನು ಮಾಡಬೇಕು ಅಂತಿದ್ದೀಯ?"

ತಂಗಿ ನೆನಪು ಮಾಡಿಕೊಳ್ಳುವವಳ ಹಾಗೆ ಹುಬ್ಬು ಕೂಡಿಸಿದಳು. "ಹೋಗಬೇಕು ಕಣಕ್ಕ. ಎಲ್ಲಿಗೆ ಅಂತ ಗೊತ್ತಿಲ್ಲ. ಹೊಳೆ ಆಚೆ ಏನೋ ಇದೆ ಅನ್ನಿಸುತ್ತೆ. ಆವಾಗಿಂದ ಹೊರಟು ಕೂತಿದ್ದೀನಿ. ನೀನು ಕೇಳ್ತೀಯ, ಕೇಳ್ತೀಯ ಅಂತ ಕಾಯ್ತಿದ್ದೆ."

"ನಾನು ಬೇಡ ಅಂದರೆ?"

"ಕೂತಿರ್ತೀನಿ. ನೀನು ಹೇಳಿದರೆ ಯಾವಾಗ ನಾನು ಕೂತಿಲ್ಲ?" ತಂಗಿ ತನ್ನ ಕೈಗಳನ್ನು ನೋಡಿಕೊಂಡಳು. "ಆದರೆ ಅಕ್ಕಾ, ಕೂತಿರೋದು ಯಾರು ಅಂತ ನನಗೇ ಈಗ ಸರಿಯಾಗಿ ಗೊತ್ತಾಗ್ತಿಲ್ಲ."

ಅಕ್ಕ ಬಾಚಣಿಗೆ ತಂದಳು. ತಂಗಿಯ ಹಿಂದೆ ಕೂತು ಸಿಕ್ಕು ಬಿಡಿಸಿದಳು, ನಿಧಾನವಾಗಿ, ಬುಡ ಹಿಡಿದು, ನೋಯದ ಹಾಗೆ. ಬೈತಲೆ ತೆಗೆದಳು. ಜಡೆ ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಮುಖ ಒರೆಸಿ ಕುಂಕುಮವಿಟ್ಟಳು. ಇನ್ನು ಮಾಡುವುದಕ್ಕೇನೂ ಉಳಿದಿರಲಿಲ್ಲ. ತಂಗಿ ಎದ್ದು ನಿಂತು ಸೆರಗು ಸರಿ ಮಾಡಿಕೊಂಡು ಹೊಸಿಲ ಬಳಿ ಹೋದಳು. ಬೆಳಗ್ಗೆ ಬಾನಿಯ ಕೆಲಸಕ್ಕೆ ಹೊರಡುವಾಗ ತಿರುಗುತ್ತಿದ್ದ ಹಾಗೆಯೇ ತಿರುಗಿದಳು.

"ಅಕ್ಕಾ, ಬರ್ತೀನಿ."

ಹೇಳುವವಳ ಅಂಗೈ ಮೇಲಕ್ಕೇಳಲಿಲ್ಲ. ಅದು ಮಡಿಲಲ್ಲೇ ಬಿಚ್ಚಿಕೊಂಡು ಬಿದ್ದಿತ್ತು, ಹಿಡಿದದ್ದು ಜಾರಿಹೋದ ಕೈಯ ಹಾಗೆ.

"ಆಯಿತು" ಎಂದಳು. ದನಿ ಎಷ್ಟು ಸಣ್ಣದಿತ್ತೆಂದರೆ ತಂಗಿಗಲ್ಲದೆ ಬೇರೆಯವರಿಗೆ ಕೇಳಿಸುವಂತಿರಲಿಲ್ಲ. "ಆಯಿತು ಕಣೇ. ಹೋಗಿ ಬಾ."

ತಂಗಿ ಹೊಸಿಲು ದಾಟಿದಳು. ಸತ್ತವರು ನಡೆದು ಹೋದದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಜನ ಬಾಗಿಲುಗಳಲ್ಲಿ ನಿಂತು ನೋಡಿದರು. ಬೀದಿಯಲ್ಲಿ ಬಿದ್ದಿದ್ದ ಸೀರೆಯ ಮಡಿಕೆಗಳ ನಡುವೆ ಅವಳು ಕಾಲಿಡುತ್ತಾ ಹೋದಳು, ಯಾವ ಎಳೆಯನ್ನೂ ತುಳಿಯದೆ. ಹಿರಿಯ ತನ್ನ ಮನೆಯ ಜಗಲಿಯಿಂದ ಎದ್ದು ನಿಂತ. ಬಾತುಗಳು ಎರಡು ಕಡೆಗೆ ಸರಿದು ದಾರಿ ಬಿಟ್ಟವು. ಅವಳು ನೀರಿಗೆ ಇಳಿದಳು, ಸೊಂಟದವರೆಗೆ, ಎದೆಯವರೆಗೆ, ಹೆಣೆದ ಜಡೆಯವರೆಗೆ. ಆ ಜಾಗದಲ್ಲಿ ತುಸು ಹೊತ್ತು ಹೊಳೆ ನೀಲಿಯಾಗಿ ಹರಿಯಿತು. ಆಮೇಲೆ ಹೊಳೆಯ ಬಣ್ಣವೇ ಇತ್ತು.

ನೆರಳುಗಳು ಅಲುಗಿದವು. ಬೀದಿಗೆ ಅಡ್ಡವಾಗಿ ಬಿದ್ದಿದ್ದ ಮನೆಗಳ ನೆರಳು ಮೆಲ್ಲನೆ ಬೆಳೆದು ಎದುರು ಗೋಡೆಗಳನ್ನು ಹತ್ತಿದವು. ಎಲ್ಲ ಒಲೆಗಳ ಮೇಲೂ ಒಟ್ಟಿಗೆ ಅನ್ನ ಬೆಂದ ವಾಸನೆ ಎದ್ದಿತು. ಹಕ್ಕಿಗಳು ಸುತ್ತುವುದನ್ನು ಬಿಟ್ಟು ಮರಗಳಿಗೆ ಬಿದ್ದವು, ಬಳಲಿ, ಹಣ್ಣು ಬೀಳುವ ಹಾಗೆ.

ಹೇಳುವವಳು ಕುಂಬಾರರ ಮನೆಗೆ ಹೊರಟಳು. ಕರ್ತವ್ಯ ಕಾಲುಗಳಲ್ಲಿತ್ತು, ಅವು ತಾವಾಗಿ ಹೋದವು. ಆದರೆ ಅವಳು ಅಂಗಳಕ್ಕೆ ಕಾಲಿಡುವ ಮೊದಲೇ ಒಳಗಿಂದ ಕೂಸಿನ ಅಳು ಕೇಳಿಸಿತು. ಯಾರೂ ಅಂಗೈ ಊರಿರಲಿಲ್ಲ. ಯಾರೂ ಏನೂ ಹೇಳಿರಲಿಲ್ಲ. ಕೂಸು ತಾನಾಗಿ ಬಂದಿತ್ತು. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಎತ್ತಿ ಹಿಡಿದು, ಬಾಗಿಲಲ್ಲಿ ನಿಂತ ಹೇಳುವವಳನ್ನು ನೋಡಿದಳು. ಈಗ ಹೇಳಬೇಕೋ, ಬೇಡವೋ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಚಾಪೆಯ ಮೇಲಿದ್ದ ಹುಡುಗಿ ಕಣ್ಣು ತೆರೆದಳು. ಅವಳಿಗೆ ಊರಿನ ನೇಮ ನೆನಪಿರಲಿಲ್ಲ. ತನ್ನ ಹೆಸರೂ ನೆನಪಿತ್ತೋ ಇಲ್ಲವೋ.

"ಏನಾಯ್ತು?" ಎಂದಳು. "ಅವ್ವಾ, ಏನಾಯ್ತು?"

ಮನೆ ಉಸಿರು ಬಿಗಿಹಿಡಿಯಿತು. ಹುಡುಗಿಯ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ಮೊದಲು ಹುಡುಗಿಯನ್ನು, ಆಮೇಲೆ ಕೂಸನ್ನು ನೋಡಿದರು. ಹುಡುಗಿ ಇದ್ದಳು. ಕೂಸು ಕಾಲು ಒದೆಯುತ್ತಿತ್ತು.

ಸೂಲಗಿತ್ತಿ ತುಟಿ ಒದ್ದೆ ಮಾಡಿಕೊಂಡಳು. ಆ ಮಾತು ಅವಳ ಬಾಯಿಗೆ ಹೊಸದು. ಬಿಸಿ ತುತ್ತಿನ ಹಾಗೆ ಅದನ್ನು ನಾಲಿಗೆಯ ಮೇಲೆ ಹೊರಳಿಸಿ ಹೇಳಿದಳು. "ಹೆಣ್ಣು ಮಗು ಆಯ್ತು ಕಣವ್ವ."

ಹೇಳುವವಳು ಗೋಡೆ ಹಿಡಿದು ಕೆಳಗೆ ಕೂತಳು. ಕೂಸಾಗಿದ್ದ ತಂಗಿಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ದಿನದಿಂದ ಅವಳು ಅತ್ತಿರಲಿಲ್ಲ. ಅಳು ಬಂದಾಗ ಅದು ಏನೆಂದೇ ಅವಳಿಗೆ ಗುರುತು ಹತ್ತಲಿಲ್ಲ. ಮೊದಲು ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕೆಮ್ಮಿದಳು. ಆಮೇಲೆ ಅದು ಹೊಟ್ಟೆಯಿಂದ ಎದ್ದು ಬಂತು. ಅವಳು ಮೊಣಕಾಲ ಮೇಲೆ ಹಣೆಯಿಟ್ಟು ಅತ್ತಳು. ಹೊರಗೆ ಸೂರ್ಯ ಮುಳುಗಿದ, ಅವಳು ಅಳುತ್ತಲೇ ಇದ್ದಳು. ದೀಪ ಹಚ್ಚಿದರು. ಕೂಸು ಹಾಲು ಕುಡಿದು ಮಲಗಿತು. ಅಳು ನಿಲ್ಲಲಿಲ್ಲ. ಮನೆಯವರಿಗೆ ಹೆದರಿಕೆ ಹುಟ್ಟಿತು. ಹೇಳುವವಳ ಅಳುವಿಗೆ ಕೊನೆ ಹೇಳುವವರು ಯಾರು?

ಸೂಲಗಿತ್ತಿ ಅವಳ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತಳು. ಅವಳ ಬಾಯಿ ಆಗಲೇ ಆ ಮಾತಿಗೆ ಒಗ್ಗಿಕೊಂಡಿತ್ತು. ಎಣ್ಣೆಯ ಅಂಗೈಯನ್ನು ಮೆಲ್ಲಗೆ ಹೇಳುವವಳ ಬೆನ್ನಿನ ಮೇಲೆ ಊರಿ, ಹೇಳಲೆಂದು ಉಸಿರೆಳೆದುಕೊಂಡಳು.

ಹೇಳುವವಳು ತಲೆ ಎತ್ತಿದಳು. ಮುಖ ಪೂರ್ತಿ ಒದ್ದೆಯಾಗಿತ್ತು.

"ಬೇಡ" ಎಂದಳು. "ಇದೊಂದು ಇರಲಿ."

ಸೂಲಗಿತ್ತಿ ಕೈ ತೆಗೆದಳು. ಒಳಗೆ ಹೋಗಿ ಬಿಸಿ ಅನ್ನ, ಒಂದು ಚೂರು ಬೆಲ್ಲ ತಂದು ಮುಂದಿಟ್ಟಳು. ಹೇಳುವವಳು ಅಳುತ್ತಲೇ ಕೈ ತೊಳೆದುಕೊಂಡು, ಅಳುತ್ತಲೇ ಉಣ್ಣತೊಡಗಿದಳು.